ಮದರಾಸಿನ ಕ್ಷಯಸಂಶೋಧನೆಯೂ ಅನ್ನದ ಪ್ರಶ್ನೆಯೂ

ಕ್ಷಯಕ್ಕೆ ಮದ್ದಿಲ್ಲದಿದ್ದ ಕಾಲದಲ್ಲಿ ಆರೋಗ್ಯಧಾಮವೇ ಮದ್ದಾಗಿದ್ದಿತು. ನಿರ್ಮಲವಾದ ಗಾಳಿ, ಪುಷ್ಟಿಕರವಾದ ಆಹಾರ, ಸಂಪೂರ್ಣ ವಿಶ್ರಾಂತಿ ಇವುಗಳನ್ನು ಒದಗಿಸುವುದಕ್ಕೆಂದೇ ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ ಕಟ್ಟಲ್ಪಟ್ಟಿತು. ಮದರಾಸಿನ ಹೊರವಲಯದ ತಾಂಬರದಲ್ಲಿ ಡಾ. ಚೌರಿ ಮುತ್ತು ಅವರು 1928ರಲ್ಲಿ ಅಂತಹುದೇ ಒಂದನ್ನು ತೆರೆದರು. ಅಲ್ಲಿಯ ರೈಲು ನಿಲ್ದಾಣವು ಇಂದಿಗೂ ಆ ಸ್ಯಾನಟೋರಿಯಮ್ಮಿನ ಹೆಸರನ್ನೇ ಹೊತ್ತುಕೊಂಡಿದೆ. ಸ್ಟ್ರೆಪ್ಟೊಮೈಸಿನ್, ಪಾಸ್, 1952ರಲ್ಲಿ ಐಸೋನಿಯಜಿಡ್ ಹೀಗೆ ಔಷಧಗಳು ಒಂದರ ಹಿಂದೊಂದು ಬಂದ ಮೇಲೂ ಹಳೆಯ ನಂಬಿಕೆ ಸಡಿಲಲಿಲ್ಲ. ಆದರೆ ಭಾರತದಲ್ಲಿದ್ದ ಹಾಸಿಗೆಗಳು ರೋಗಿಗಳ ಅತ್ಯಲ್ಪಾಂಶಕ್ಕೂ ಸಾಲುತ್ತಿರಲಿಲ್ಲ. ಉಳಿದವರ ಗತಿಯೇನು?

ಈ ಪ್ರಶ್ನೆಗೆ ಉತ್ತರವನ್ನು ಅರಸುವುದಕ್ಕಾಗಿ 1956ರಲ್ಲಿ ಮದರಾಸಿನ ಚೆಟ್‌ಪೇಟೆಯಲ್ಲಿ ಕ್ಷಯ ಔಷಧಚಿಕಿತ್ಸಾ ಕೇಂದ್ರವು ಸ್ಥಾಪಿತವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ ಈ ನಾಲ್ಕೂ ಅದಕ್ಕೆ ಕೈಜೋಡಿಸಿದುವು. ವಾಲೇಸ್ ಫಾಕ್ಸ್ ಅವರ ನೇತೃತ್ವದಲ್ಲಿ ನಗರದ ಬಡಜನರ ಪೈಕಿ 193 ಮಂದಿ ರೋಗಿಗಳನ್ನು ಆರಿಸಿಕೊಳ್ಳಲಾಯಿತು. ಯಾರು ಸ್ಯಾನಟೋರಿಯಮ್ಮಿಗೆ ಹೋಗಬೇಕು, ಯಾರು ಮನೆಯಲ್ಲಿಯೇ ಉಳಿಯಬೇಕು ಎಂಬುದನ್ನು ವೈದ್ಯನ ಇಚ್ಛೆಗಾಗಲಿ ರೋಗಿಯ ಇಚ್ಛೆಗಾಗಲಿ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸಿದರು. ಹಾಗೆ ಮಾಡದಿದ್ದರೆ ಹೆಚ್ಚು ಕಾಯಿಲೆಯವರೆಲ್ಲ ಒಂದು ಕಡೆ ಸೇರಿ ಹೋಲಿಕೆಯೇ ಕೆಟ್ಟುಹೋಗುತ್ತಿತ್ತು. ಇಬ್ಬಗೆಯವರಿಗೂ ಐಸೋನಿಯಜಿಡ್ ಮತ್ತು ಪಾಸ್ ಕೂಡಿಸಿ ಒಂದು ವರ್ಷ ಕೊಡಲಾಯಿತು. ಎರಡು ಔಷಧಗಳನ್ನು ಒಟ್ಟಿಗೆ ಕೊಡುವುದೇಕೆಂದರೆ, ಒಂದಕ್ಕೆ ಬಗ್ಗದ ರೋಗಾಣುಗಳನ್ನು ಮತ್ತೊಂದು ಅಡಗಿಸುತ್ತದೆ.

1959ರಲ್ಲಿ ಪ್ರಕಟವಾದ ಫಲಿತಾಂಶವು ಎಲ್ಲರನ್ನೂ ಬೆರಗುಗೊಳಿಸಿತು. ವರ್ಷಾಂತ್ಯದಲ್ಲಿ ರೋಗಾಣುಗಳ ದೃಷ್ಟಿಯಿಂದ ರೋಗವು ಶಮನವಾಗಿದ್ದವರು ಸ್ಯಾನಟೋರಿಯಮ್ಮಿನಲ್ಲಿ ಶೇಕಡ 92, ಮನೆಯಲ್ಲಿ ಶೇಕಡ 86. ಮನೆಯ ರೋಗಿಗಳಿಗೆ ದೊರೆತ ಆಹಾರ ಕಡಮೆ, ವಿಶ್ರಾಂತಿ ಕಡಮೆ. ಅವರ ಮೈತೂಕವೂ ಅಷ್ಟಾಗಿ ಏರಲಿಲ್ಲ. ಆದರೂ ಶ್ವಾಸಕೋಶವು ಗುಣಹೊಂದಿತು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ರೋಗಿಯೊಡನೆ ಒಂದೇ ಸೂರಿನಡಿ ಬಾಳಿದ ಮಡದಿಮಕ್ಕಳಿಗೆ ರೋಗ ತಗಲುವ ಅಪಾಯವು ಹೆಚ್ಚಲಿಲ್ಲ. ಸೋಂಕು ಹರಡುವುದು ಬಹುಮಟ್ಟಿಗೆ ರೋಗವು ಪತ್ತೆಯಾಗುವುದಕ್ಕೆ ಮುನ್ನ. ಔಷಧ ಆರಂಭವಾದೊಡನೆ ಕಫದಲ್ಲಿನ ರೋಗಾಣುಗಳು ಶೀಘ್ರವಾಗಿ ಕ್ಷೀಣಿಸುತ್ತವೆ. ರೋಗಿಯನ್ನು ಮನೆಯಿಂದ ಅಗಲಿಸುವ ಪದ್ಧತಿಗೆ ಇದರಿಂದ ಆಧಾರವೇ ತಪ್ಪಿಹೋಯಿತು.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಆರಂಭವಾಯಿತು. ಮದರಾಸು ಮದ್ದನ್ನು ಪರೀಕ್ಷಿಸಿದರೆ ಬೆಂಗಳೂರು ರೋಗಿಯ ನಡೆಯನ್ನು ಪರೀಕ್ಷಿಸಿತೆನ್ನಬಹುದು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬವರು ವಿಚಾರಿಸಿದಾಗ, ಕಫದಲ್ಲಿ ರೋಗಾಣುವಿದ್ದವರ ಪೈಕಿ ಅರ್ಧಕ್ಕೂ ಹೆಚ್ಚು ಮಂದಿ ತಾವಾಗಿಯೇ ವೈದ್ಯರ ಬಳಿಗೆ ಹೋಗಿಬಂದಿದ್ದರೆಂದು ತಿಳಿದುಬಂದಿತು. ಅವರಿಗೆ ದೊರೆತದ್ದು ಬಹುಶಃ ಕೆಮ್ಮಿನ ಔಷಧದ ಒಂದು ಸೀಸೆ! ಹಳ್ಳಿಗರ ಅಜ್ಞಾನವನ್ನು ದೂರುತ್ತಿದ್ದವರಿಗೆ 1963ರಲ್ಲಿ ಪ್ರಕಟವಾದ ಈ ವರದಿಯು ಸರಿಯಾದ ಉತ್ತರವಾಗಿದ್ದಿತು. ಜಿಲ್ಲೆಯ ಸಾಮಾನ್ಯ ಆಸ್ಪತ್ರೆಗಳ ಮೂಲಕವೇ ಚಿಕಿತ್ಸೆ ನಡೆಯಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮವು ಈ ಎರಡೂ ನಗರಗಳ ದುಡಿಮೆಯ ಮೇಲೆ ನಿಂತಿದೆ.

ಮನೆಯ ಚಿಕಿತ್ಸೆಗೆ ತನ್ನದೇ ಆದ ತೊಡಕೂ ಉಂಟು. ಕೆಮ್ಮು ನಿಂತೊಡನೆ ಗುಳಿಗೆಯೂ ನಿಲ್ಲುತ್ತದೆ. ಚೆಟ್‌ಪೇಟೆಯವರು ಮುನ್ಸೂಚನೆಯಿಲ್ಲದೆ ಮನೆಗಳಿಗೆ ಹೋಗಿ ಉಳಿದ ಗುಳಿಗೆಗಳನ್ನು ಎಣಿಸಿದರು, ಮೂತ್ರವನ್ನು ಪರೀಕ್ಷಿಸಿದರು. ವಾರಕ್ಕೆ ಎರಡೇ ಸಲ, ಆದರೆ ಕಣ್ಣೆದುರಿನಲ್ಲಿಯೇ ಔಷಧ ಕೊಟ್ಟರೂ ಸಾಕಾಗುವುದೆಂದು 1964ರಲ್ಲಿ ತೋರಿಸಿಕೊಟ್ಟರು. ಮುಂದೆ ಜಗತ್ತೆಲ್ಲ ಅನುಸರಿಸಿದ ಪ್ರತ್ಯಕ್ಷ ನಿಗಾವಣೆಯ ಚಿಕಿತ್ಸೆಯ ಬೇರು ಇಲ್ಲಿದೆ.

ಇಷ್ಟೆಲ್ಲ ಆದಮೇಲೆ ಅನ್ನದ ವಿಚಾರವು ಮರೆಯಾಯಿತು. ಸಮರ್ಥವಾದ ಔಷಧ ದೊರೆತ ರೋಗಿಯ ಗುಣಹೊಂದುವಿಕೆಯಲ್ಲಿ ಆಹಾರದ ಪಾತ್ರವು ದೊಡ್ಡದಲ್ಲವೆಂದು ಮದರಾಸಿನ ತಂಡವು 1961ರಲ್ಲಿ ಬರೆದಿತ್ತು. ಆ ಮಾತು ಆ ಪ್ರಶ್ನೆಗೆ ಸರಿಯಾದ ಉತ್ತರವೇ. ಆದರೆ ಕೇಳುವವರ ಕಿವಿಯಲ್ಲಿ ಅದು ‘ಕ್ಷಯಕ್ಕೂ ಅನ್ನಕ್ಕೂ ಸಂಬಂಧವಿಲ್ಲ’ ಎಂದು ಹಿಗ್ಗಿತು. ರೋಗಿಯು ಸ್ಯಾನಟೋರಿಯಮ್ಮಿನಲ್ಲಿದ್ದರೂ ಮನೆಯಲ್ಲಿದ್ದರೂ ಅವನ ಕುಟುಂಬವು ಉಂಡದ್ದು ಬಡವರ ಮನೆಯ ಊಟವನ್ನೇ. ಆದುದರಿಂದ ಹೊಟ್ಟೆ ತುಂಬ ಉಂಡವರಿಗೆ ರೋಗವು ತಗಲುವುದು ಕಡಮೆಯೇ ಎಂಬುದಕ್ಕೆ ಆ ಪ್ರಯೋಗದಲ್ಲಿ ಉತ್ತರವಿರಲು ಸಾಧ್ಯವೇ ಇರಲಿಲ್ಲ.

ಆ ಪ್ರಶ್ನೆಯನ್ನು ಕೇಳಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಸಂಗಡಿಗರು. ಇಂದು ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯೆಂಬ ಹೆಸರಿರುವ ಅದೇ ಚೆಟ್‌ಪೇಟೆಯ ಕೇಂದ್ರವು ಅವರೊಡನೆ ಸೇರಿತು. 2019ರಿಂದ 2022ರವರೆಗೆ ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳಿಗೂ ಆಹಾರ ಸಾಮಗ್ರಿ ಕೊಡಲಾಯಿತು. ಅವರ ಮನೆಯವರು 10,345 ಮಂದಿ. ಇವರಲ್ಲಿ ಒಂದು ಗುಂಪಿಗೆ ಮಾತ್ರ ದಿನಕ್ಕೆ 750 ಕಿಲೋ ಕ್ಯಾಲೊರಿ ಮತ್ತು 23 ಗ್ರಾಂ ಪ್ರೋಟೀನು ಒದಗುವ ಪಡಿ ದೊರೆಯಿತು. ಪಡಿ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇಕಡ 39ರಷ್ಟು ಕಡಮೆಯಾಯಿತು. ರೋಗಾಣು ಪರೀಕ್ಷೆಯಿಂದ ದೃಢಪಟ್ಟ ಶ್ವಾಸಕೋಶದ ಕ್ಷಯವು ಶೇಕಡ 48ರಷ್ಟು. 2023ರ ಆಗಸ್ಟಿನಲ್ಲಿ ಇದು ಪ್ರಕಟವಾಯಿತು. ಅಲ್ಲಿಯ ರೋಗಿಗಳಲ್ಲಿ ಐವರಲ್ಲಿ ನಾಲ್ವರು ಚಿಕಿತ್ಸೆಗೆ ಬರುವಾಗಲೇ ಇರಬೇಕಾದ ತೂಕಕ್ಕಿಂತ ಕಡಮೆ ತೂಗುತ್ತಿದ್ದರು. ಮೊದಲೆರಡು ತಿಂಗಳಲ್ಲಿ ತೂಕ ಏರಿದವರಲ್ಲಿ ಸಾವು ವಿರಳವಾಗಿದ್ದುದೂ ಕಂಡುಬಂದಿತು. ರೋಗಿಗಳೆಲ್ಲರಿಗೂ ಆಹಾರ ಕೊಟ್ಟಿದ್ದುದರಿಂದ ಈ ಎರಡನೆಯ ಮಾತಿಗೆ ಮೊದಲನೆಯದರ ಬಲವಿಲ್ಲ.

ರೋಗಿಯ ಪೋಷಣೆಗಾಗಿ ಭಾರತ ಸರ್ಕಾರವು 2018ರ ಏಪ್ರಿಲಿನಿಂದ ತಿಂಗಳಿಗೆ 500 ರೂಪಾಯಿ ಕೊಡಲಾರಂಭಿಸಿತು. 2024ರ ನವೆಂಬರಿನಿಂದ ಅದು 1,000 ಆಯಿತು. ಆ ಹಣ ರೋಗಿಯೊಬ್ಬನ ಲೆಕ್ಕಕ್ಕೆ. ಮನೆಯ ಉಳಿದವರಿಗೂ ಆಹಾರದ ಬುಟ್ಟಿ ತಲಪಬೇಕೆಂದು 2024ರಲ್ಲಿಯೇ ತೀರ್ಮಾನವಾಯಿತಾದರೂ, ಆ ಬುಟ್ಟಿಯನ್ನು ತುಂಬುವ ಹೊಣೆಯು ದಾನಿಗಳದು.