ರಕ್ತದಲ್ಲಿ ಬರುವ ದಾಯ

ಬಸವಕಲ್ಯಾಣವೆಂದೊಡನೆ ನಮ್ಮ ನೆನಪು ಹನ್ನೆರಡನೆಯ ಶತಮಾನದ ಶರಣರ ಕಡೆಗೆ ಹರಿಯುವುದು ಸಹಜ. ಆದರೆ ಅದಕ್ಕೂ ಮುಂಚೆ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126), ಇದೇ ಕಲ್ಯಾಣದಲ್ಲಿ ವಿಜ್ಞಾನೇಶ್ವರನೆಂಬ ಪಂಡಿತನಿದ್ದನು. ಯಾಜ್ಞವಲ್ಕ್ಯಸ್ಮೃತಿಗೆ ಅವನು ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. ಹಿರಿಯರಿಂದ ಬರುವ ಪಾಲಿಗೆ ‘ದಾಯ’ವೆಂದು ಹೆಸರು, ಆ ದಾಯದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂಬುದು ಈ ಗ್ರಂಥದ ಪ್ರಸಿದ್ಧ ಸಿದ್ಧಾಂತ. ಹೆಣ್ಣುಮಕ್ಕಳಿಗೆ ಅಂಥದೇ ಹಕ್ಕು ದೇಶದಾದ್ಯಂತ ದೊರೆತುದು 2005ರ ತಿದ್ದುಪಡಿಯಿಂದ.

ಹೊಲ ಮನೆಗಳಲ್ಲದೆ ಮತ್ತೊಂದು ದಾಯವೂ ಹುಟ್ಟಿನೊಂದಿಗೇ ಬರುತ್ತದೆ. ಅದಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ, ಗಂಡು ಹೆಣ್ಣೆಂಬ ಭೇದವೂ ಇಲ್ಲ. ಅದು ರಕ್ತದ ದಾಯ. ಅದರಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೂ ಒಂದು ಮಗುವಿನ ಬಾಳೇ ಬೇರೆಯಾಗಬಹುದು.

ಥ್ಯಾಲಸೀಮಿಯಾ ಎಂಬ ರೋಗವನ್ನೇ ನೋಡೋಣ. ಹುಟ್ಟಿದಾಗ ಮಗು ಆರೋಗ್ಯವಾಗಿಯೇ ಇರುತ್ತದೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಮುಖ ಬಿಳಿಚಿಕೊಳ್ಳುತ್ತದೆ, ಹಾಲು ಒಲ್ಲದು, ಗುಲ್ಮ ಊದಿ ಹೊಟ್ಟೆ ಉಬ್ಬುತ್ತದೆ. ದೃಷ್ಟಿ ತಾಕಿತೆಂದು ಅಜ್ಜಿ ನಿವಾಳಿಸುತ್ತಾಳೆ. ಕೊನೆಗೆ ರಕ್ತಪರೀಕ್ಷೆಯಿಂದ ನಿಜ ತಿಳಿಯುತ್ತದೆ. ಅಂದಿನಿಂದ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಮಗುವಿಗೆ ಬೇರೆಯವರ ರಕ್ತ ಕೊಡಿಸಬೇಕು. ಬಸವಕಲ್ಯಾಣದಲ್ಲಿರಲಿ, ಹುಮನಾಬಾದದಲ್ಲಿರಲಿ, ಬೆಂಗಳೂರಿನಲ್ಲೇ ಇರಲಿ, ಆ ಮನೆಯ ಪಂಚಾಂಗದಲ್ಲಿ ಎಲ್ಲಕ್ಕಿಂತ ದೊಡ್ಡ ತಿಥಿ ಅದೇ. ಹಾಗೆ ಕೊಟ್ಟ ರಕ್ತದಲ್ಲಿನ ಕಬ್ಬಿಣವು ಹೃದಯ, ಯಕೃತ್ತುಗಳಲ್ಲಿ ಶೇಖರವಾಗುವುದರಿಂದ, ಅದನ್ನು ಹೊರಹಾಕಲು ಮತ್ತೆ ಔಷಧ ಬೇಕು. ಭಾರತದಲ್ಲಿ ವರ್ಷಕ್ಕೆ ಸುಮಾರು 10,000 ಮಕ್ಕಳು ಈ ರೋಗದೊಡನೆ ಹುಟ್ಟುತ್ತಾರೆಂದು ಅಂದಾಜು.

ತಪ್ಪು ನಡೆಯುವುದೆಲ್ಲಿ? ಇದನ್ನು ತಿಳಿಯಲು ವಿಜ್ಞಾನೇಶ್ವರನ ಗ್ರಂಥವೇ ನಮಗೆ ದೃಷ್ಟಾಂತವಾಗಲಿ. ಅದರಲ್ಲಿ ಮೂಲಶ್ಲೋಕವೊಂದು, ಬಳಿಕ ವ್ಯಾಖ್ಯಾನ, ಮತ್ತೆ ಶ್ಲೋಕ, ಹೀಗೆ ಸಾಗುತ್ತದೆ. ಶ್ಲೋಕಗಳಷ್ಟೇ ಬೇಕಾದವನು ಇಡೀ ಗ್ರಂಥವನ್ನು ನಕಲು ಮಾಡಿಕೊಂಡು, ವ್ಯಾಖ್ಯಾನವನ್ನು ಕತ್ತರಿಸಿ ತೆಗೆದು, ಶ್ಲೋಕಗಳನ್ನು ಸಾಲಾಗಿ ಅಂಟಿಸಿಕೊಂಡನೆನ್ನಿ. ನಮ್ಮ ಜೀವಕೋಶ ಮಾಡುವುದೂ ಇದನ್ನೇ. ಡಿ.ಎನ್.ಎ.ಯಲ್ಲಿ ಬರೆದಿರುವ ವಂಶವಾಹಿಯ ನಕಲು ಆರ್.ಎನ್.ಎ. ಅದರಲ್ಲಿ ಬೇಕಾದ ಭಾಗಗಳಿಗೆ ಎಕ್ಸಾನ್ ಎಂದೂ, ನಡುವೆ ಬರುವ, ತೆಗೆಯಬೇಕಾದ ಭಾಗಗಳಿಗೆ ಇಂಟ್ರಾನ್ ಎಂದೂ ಹೆಸರು. ಇಂಟ್ರಾನುಗಳನ್ನು ಕತ್ತರಿಸಿ ಎಕ್ಸಾನುಗಳನ್ನು ಬೆಸೆಯುವ ಕ್ರಿಯೆಯೇ ಸ್ಪ್ಲೈಸಿಂಗ್. ರಿಚರ್ಡ್ ರಾಬರ್ಟ್ಸ್, ಫಿಲಿಪ್ ಶಾರ್ಪ್ ಎಂಬ ವಿಜ್ಞಾನಿಗಳು 1977ರಲ್ಲಿ ಇದನ್ನು ಬೇರೆಬೇರೆಯಾಗಿ ಕಂಡುಹಿಡಿದರು. 1993ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು.

ಈ ಕತ್ತರಿಗೆ ಮತ್ತೊಂದು ಚಾತುರ್ಯವೂ ಉಂಟು. ಒಂದೇ ನಕಲಿನ ಎಕ್ಸಾನುಗಳನ್ನು ಒಮ್ಮೆ ಒಂದು ರೀತಿಯಲ್ಲಿ, ಮತ್ತೊಮ್ಮೆ ಇನ್ನೊಂದು ರೀತಿಯಲ್ಲಿ ಹೊಂದಿಸಿ ಬೇರೆಬೇರೆ ಪ್ರೋಟೀನುಗಳಿಗೆ ದಾರಿ ಮಾಡಿಕೊಡುತ್ತದೆ. ಸುಮಾರು 20,000 ಪ್ರೋಟೀನ್ ವಂಶವಾಹಿಗಳಿಂದ ಅದಕ್ಕಿಂತ ಬಹಳ ಹೆಚ್ಚು ಬಗೆಯ ಪ್ರೋಟೀನುಗಳು ಹುಟ್ಟುವುದರ ಗುಟ್ಟುಗಳಲ್ಲಿ ಇದೂ ಒಂದು.

ಎಲ್ಲಿ ಕತ್ತರಿಸಬೇಕೆಂಬುದಕ್ಕೆ ಗುರುತುಗಳಿವೆ. ಸಾಮಾನ್ಯವಾಗಿ ಇಂಟ್ರಾನು ಜಿ-ಯು ಎಂಬ ಅಕ್ಷರಗಳಿಂದ ಮೊದಲಾಗಿ ಎ-ಜಿ ಎಂಬ ಅಕ್ಷರಗಳಿಂದ ಮುಗಿಯುತ್ತದೆ. ನೆರೆಯ ಅಕ್ಷರಗಳೂ ಗುರುತಿಗೆ ನೆರವಾಗುತ್ತವೆ. ಇನ್ನು ನಮ್ಮ ರಕ್ತದ ಕೆಂಪುಬಣ್ಣಕ್ಕೆ ಕಾರಣವಾದ ಹಿಮೋಗ್ಲೋಬಿನ್ನಿನ ಒಂದು ಅಂಗ ಬೀಟಾ-ಗ್ಲೋಬಿನ್. ಅದರ ವಂಶವಾಹಿಯಲ್ಲಿ ಮೂರು ಎಕ್ಸಾನುಗಳು, ಎರಡು ಇಂಟ್ರಾನುಗಳು. ಮೊದಲನೆಯ ಇಂಟ್ರಾನಿನಲ್ಲಿರುವುದು 130 ಅಕ್ಷರ. ಅವುಗಳಲ್ಲಿ ಐದನೆಯದು ‘ಜಿ’ ಇರಬೇಕಾದಲ್ಲಿ ‘ಸಿ’ ಇದ್ದರೆ ಗುರುತು ಮಸಕಾಗುತ್ತದೆ. ಕತ್ತರಿ ತಪ್ಪಾದ ಎಡೆಗಳಲ್ಲಿ ಬೀಳುತ್ತದೆ. ಶ್ಲೋಕದೊಳಗೆ ವ್ಯಾಖ್ಯಾನದ ತುಂಡು ಸೇರಿದಂತೆ ನಕಲು ಕೆಡುತ್ತದೆ. ಸರಿಯಾದ ಬೀಟಾ-ಗ್ಲೋಬಿನ್ ಬಹಳ ಕಡಿಮೆಯಾಗಿ, ಕೆಂಪುಕಣಗಳು ಬಲಿಯುವ ಮೊದಲೇ ನಾಶವಾಗುತ್ತವೆ. ಭಾರತದ ಬೀಟಾ-ಥ್ಯಾಲಸೀಮಿಯಾ ರೋಗಿಗಳಲ್ಲಿ ಅತಿ ಹೆಚ್ಚಾಗಿ ಕಂಡುಬರುವ ದೋಷವೇ ಈ ಐದನೆಯ ಅಕ್ಷರದ್ದು, ಕರ್ನಾಟಕದಲ್ಲಿಯೂ ಹಾಗೆಯೇ.

ಪ್ರತಿಯೊಬ್ಬರಿಗೂ ಈ ವಂಶವಾಹಿಯ ಎರಡು ಪ್ರತಿಗಳಿರುತ್ತವೆ: ತಂದೆಯದೊಂದು, ತಾಯಿಯದೊಂದು. ಒಂದು ಮಾತ್ರ ಕೆಟ್ಟಿದ್ದರೆ ಆತ ರೋಗಿಯಲ್ಲ, ವಾಹಕ. ಉಂಡುಟ್ಟು, ದುಡಿದು, ನೂರು ವರ್ಷ ಬಾಳಲು ಅಡ್ಡಿಯಿಲ್ಲ. ಆದರೆ ಇಬ್ಬರು ವಾಹಕರು ಸತಿಪತಿಗಳಾದರೆ, ಪ್ರತಿಯೊಂದು ಬಸಿರಿನಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಆದ್ದರಿಂದ ರೋಗದ ಮಗುವಾಯಿತೆಂದು ಸೊಸೆಯೊಬ್ಬಳನ್ನೇ ದೂರುವುದು ಶುದ್ಧ ಅನ್ಯಾಯ. ಇಬ್ಬರ ಕಡೆಯಿಂದಲೂ ಬಂದಲ್ಲದೆ ಈ ರೋಗವಿಲ್ಲ.

ಸಂಬಂಧ ತಪ್ಪಿಹೋಗಬಾರದೆಂದು ಅಕ್ಕನ ಮಗಳನ್ನು ತಂದುಕೊಳ್ಳುವ ವಾಡಿಕೆ ನಮ್ಮ ನಾಡಿನಲ್ಲಿದೆ. ಅಜ್ಜನೊಬ್ಬ ವಾಹಕನಾಗಿದ್ದನೆನ್ನಿ. ಆ ತಪ್ಪಕ್ಷರವು ಅವನ ಮಗನಿಗೂ, ಮಗಳ ಮೂಲಕ ಮೊಮ್ಮಗಳಿಗೂ ಇಳಿದಿರಬಹುದು. ಆ ಸೋದರಮಾವನೂ ಸೊಸೆಯೂ ಹಸೆಮಣೆಯೇರಿದರೆ ಒಂದೇ ತಪ್ಪಿನ ಎರಡು ಪ್ರತಿಗಳು ಒಂದೇ ತೊಟ್ಟಿಲಲ್ಲಿ ಕೂಡುವ ಸಂಭವವುಂಟು.

ಪರಿಹಾರವಿಲ್ಲವೆಂದಲ್ಲ. ಹೊಂದುವ ಒಡಹುಟ್ಟಿದವರಿಂದ ಅಸ್ಥಿಮಜ್ಜೆಯನ್ನು ಪಡೆದು ಗುಣವಾದ ಮಕ್ಕಳಿದ್ದಾರೆ. ತಪ್ಪಿದ ಕತ್ತರಿಯನ್ನೇ ತಿದ್ದುವ ಔಷಧಗಳೂ ಬಂದಿವೆ: ಎಳೆಯ ಮಕ್ಕಳ ಸ್ನಾಯುಗಳನ್ನು ಕ್ಷಯಿಸುವ ಎಸ್.ಎಂ.ಎ. ಎಂಬ ಬೇರೊಂದು ರೋಗಕ್ಕೆ, ಬಿಟ್ಟುಹೋಗುವ ಎಕ್ಸಾನನ್ನು ಉಳಿಸಿಕೊಳ್ಳುವಂತೆ ಮಾಡುವ ನುಸಿನರ್ಸೆನ್ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಆದರೆ ಇಂಥ ಚಿಕಿತ್ಸೆಗಳ ಬೆಲೆ ನಮ್ಮಂಥ ಗೃಹಸ್ಥರ ಎಣಿಕೆಗೆ ಮೀರಿದ್ದು.

ಎಣಿಕೆಗೆ ನಿಲುಕುವುದು ಮೊದಲೇ ಮಾಡಿಸುವ ಪರೀಕ್ಷೆ. ವಾಹಕರಲ್ಲಿ ಕೆಂಪುಕಣಗಳು ಸಾಮಾನ್ಯವಾಗಿ ಚಿಕ್ಕವು. ಹಿಮೋಗ್ಲೋಬಿನ್ ಎ-2 ಎಂಬುದರ ಪ್ರಮಾಣ ಸಾಧಾರಣವಾಗಿ ಶೇಕಡಾ 3.5ಕ್ಕಿಂತ ಹೆಚ್ಚು. ಸ್ವಲ್ಪ ರಕ್ತ ಕೊಟ್ಟರೆ ಇದು ತಿಳಿಯುತ್ತದೆ. ಮದುವೆಯಾಗಿಹೋಗಿದ್ದರೂ, ಇಬ್ಬರೂ ವಾಹಕರೆಂದು ಗೊತ್ತಿದ್ದಲ್ಲಿ, ಬಸಿರಿನ ಹನ್ನೊಂದು ಹನ್ನೆರಡನೆಯ ವಾರದ ವೇಳೆಗೇ ಮಗುವಿನ ಸ್ಥಿತಿಯನ್ನು ತಿಳಿಯಬಹುದು.

ಆಸ್ತಿಯ ಪಾಲಾಗುವಾಗ ಹಳೆಯ ಪತ್ರಗಳನ್ನು ಬಿಚ್ಚಿ ಅಕ್ಷರಕ್ಷರವನ್ನೂ ಓದಿಸುತ್ತೇವೆ. ಮುಂದಿನ ನಿಶ್ಚಿತಾರ್ಥಕ್ಕೆ ಮೊದಲು, ಇನ್ನೂ ಹುಟ್ಟದ ಮಗುವಿನ ಪಾಲಿನ ಈ ಪತ್ರವನ್ನೂ ಒಮ್ಮೆ ಓದಿಸಿಕೊಂಡರೆ ಎರಡು ಮನೆಗಳಿಗೂ ಲೇಸು.