ಮನೆಯ ಗೋಡೆಯೂ ಬೆಳ್ಳಿಯ ತೆರೆಯೂ

ಗೋಡೆಯಿಂದ ಒಂದೂವರೆ ಎರಡು ಅಡಿಗಳ ದೂರದಲ್ಲಿ ಗಿಡ್ಡನೆಯ ಮೇಜೊಂದರ ಮೇಲೆ ಕುಳಿತು, ನೆತ್ತಿಯಿಂದ ಬೆಳಕನ್ನು ಮೇಲಕ್ಕೆ ಚಿಮ್ಮಿ, ಏಳಡಿ ಅಗಲದ ಚಿತ್ರವನ್ನು ಗೋಡೆಯ ಮೇಲೆ ಮೂಡಿಸತಕ್ಕ ಯಂತ್ರವೊಂದು ಈಚಿನ ವರ್ಷಗಳಲ್ಲಿ ಗೃಹಸ್ಥರ ಮನೆಗಳಿಗೆ ಬರುತ್ತಲಿದೆ. ಅಂಗಡಿಯವರು ಇದನ್ನು ಅಲ್ಟ್ರಾ ಶಾರ್ಟ್ ಥ್ರೋ ಲೇಸರ್ ಪ್ರೊಜೆಕ್ಟರೆಂದು ಕರೆಯುತ್ತಾರೆ, ಲೇಸರ್ ಟಿ.ವಿ. ಎಂಬ ಹೆಸರೂ ಬಳಕೆಯಲ್ಲುಂಟು. ಬೆಲೆಯು ಲಕ್ಷಗಳ ಲೆಕ್ಕದಲ್ಲಿದೆ. ಇಷ್ಟು ಹಣವನ್ನು ತೆರುವುದಕ್ಕೆ ಮುಂಚೆ ಏನನ್ನು ಪರೀಕ್ಷಿಸಬೇಕು, ಯಾವ ಮನೆಗೆ ಇದು ತಕ್ಕುದು, ಯಾವ ಮನೆಗೆ ಅಲ್ಲ, ಎಂಬುದನ್ನು ವಿಚಾರಿಸಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಯಂತ್ರವನ್ನು ಪರೀಕ್ಷಿಸುವುದಕ್ಕಿಂತ ಮುಂಚೆ ಅದನ್ನಿಡುವ ಕೋಣೆಯನ್ನು ಪರೀಕ್ಷಿಸತಕ್ಕದ್ದು.

ದೀಪದ ಬೆಳಕನ್ನು ಗಾಜಿನ ಮೂಲಕ ಹಾಯಿಸಿ ಗೋಡೆಯ ಮೇಲೆ ಚಿತ್ರವನ್ನು ತೋರಿಸುವ ವಿದ್ಯೆಯು ಹೊಸದೇನೂ ಅಲ್ಲ. ಹಾಲೆಂಡಿನ ಕ್ರಿಸ್ಟಿಯಾನ್ ಹ್ಯೂಗೆನ್ಸ್ ಎಂಬ ವಿಜ್ಞಾನಿಯು 1659ರಲ್ಲಿಯೇ ಮ್ಯಾಜಿಕ್ ಲ್ಯಾಂಟರ್ನಿಗಾಗಿ ಚಿತ್ರಗಳನ್ನು ಬರೆದಿದ್ದನು. ತೆರೆಯ ಹಿಂದೆ ದೀಪವಿಟ್ಟು ರಾಮಾಯಣವನ್ನಾಡಿಸುವ ನಮ್ಮ ತೊಗಲುಗೊಂಬೆಯವರದೂ ಇದರ ದಾಯಾದಿ ವಿದ್ಯೆಯೇ. ಆದರೆ ಸಾಮಾನ್ಯವಾದ ಪ್ರೊಜೆಕ್ಟರಿಗೆ ಏಳಡಿ ಅಗಲದ ಚಿತ್ರಕ್ಕಾಗಿ ಹತ್ತು ಹನ್ನೊಂದಡಿಗಳ ದೂರ ಬೇಕು; ನಡುವೆ ಯಾರು ಸುಳಿದರೂ ಅವರ ನೆರಳು ತೆರೆಯ ಮೇಲೆ ಬೀಳುವುದು. ಈ ಕಷ್ಟವನ್ನು ಪಾಠಶಾಲೆಯವರಾದ ನಾವು ಚೆನ್ನಾಗಿ ಬಲ್ಲೆವು. ಹಲಗೆಯ ಮುಂದೆ ನಿಂತ ಉಪಾಧ್ಯಾಯನ ಅಂಗಿಯ ಮೇಲೆ ಭೂಪಟವೂ, ಭೂಪಟದ ಮೇಲೆ ಉಪಾಧ್ಯಾಯನ ನೆರಳೂ ಬೀಳುತ್ತಿದ್ದುವು. ಹುಡುಗರಿಗೆ ನಗುವುದಕ್ಕೆ ಬೇರೆ ಕಾರಣ ಬೇಕಾಗಿರಲಿಲ್ಲ. ಹಲಗೆಯ ನೆತ್ತಿಯಲ್ಲಿಯೇ ಗೋಡೆಗೆ ತಗುಲಿಸತಕ್ಕ ಅತಿಸಮೀಪದ ಪ್ರೊಜೆಕ್ಟರುಗಳು ಶಾಲೆಗಳಲ್ಲಿ ಈ ತೊಂದರೆಯನ್ನು ನೀಗಿಸಿದುವು. ಅದೇ ಉಪಾಯವು ಲೇಸರಿನ ಬೆಳಕನ್ನು ಕೂಡಿಕೊಂಡು ಈಗ ಮನೆಗೆ ಬಂದಿದೆ.

ಚಿತ್ರದ ಅಗಲಕ್ಕೂ ಯಂತ್ರದ ದೂರಕ್ಕೂ ಇರುವ ಪ್ರಮಾಣವನ್ನು ಥ್ರೋ ರೇಷಿಯೋ ಎನ್ನುತ್ತಾರೆ. 100 ಅಂಗುಲದ ಚಿತ್ರವೆಂದರೆ ಕರ್ಣದ ಅಳತೆ. ಅದರ ಅಗಲ 7 ಅಡಿ 3 ಅಂಗುಲ, ಎತ್ತರ 4 ಅಡಿ 1 ಅಂಗುಲ. ಪ್ರಮಾಣವು 0.25 ಆದರೆ ಬೆಳಕಿನ ಕಿಂಡಿಯು ಗೋಡೆಯಿಂದ 22 ಅಂಗುಲ ದೂರದಲ್ಲಿರಬೇಕು, 0.19 ಆದರೆ 17 ಅಂಗುಲ ಸಾಕು. ಇಷ್ಟು ಹತ್ತಿರದಿಂದ ಇಷ್ಟು ದೊಡ್ಡ ಚಿತ್ರವು ಹರಡಿಕೊಳ್ಳುವುದು ಮಸೂರಗಳ ಸಾಲಿನಿಂದಲೂ, ಅದರ ತುದಿಯಲ್ಲಿರುವ ಬಾಗಿದ ಕನ್ನಡಿಯಿಂದಲೂ. ಚಿತ್ರವನ್ನು ರಚಿಸುವುದು ಬಹುಮಟ್ಟಿನ ಯಂತ್ರಗಳಲ್ಲಿ ಒಂದು ಚಿಕ್ಕ ಚಿಪ್. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯಲ್ಲಿದ್ದ ಲ್ಯಾರಿ ಹಾರ್ನ್‌ಬೆಕ್ ಎಂಬವರು 1987ರಲ್ಲಿ ನಿರ್ಮಿಸಿದ ಉಪಾಯವಿದು. ಅರ್ಧ ಅಂಗುಲಕ್ಕೂ ಕಿರಿದಾದ ಆ ಚಿಪ್ಪಿನ ಮೇಲೆ ಇಪ್ಪತ್ತು ಲಕ್ಷಕ್ಕೆ ಮೀರಿದ ಸೂಕ್ಷ್ಮ ಕನ್ನಡಿಗಳು ಅತ್ತಿತ್ತ ವಾಲುತ್ತ ಬೆಳಕನ್ನು ಬಿಡುತ್ತಲೂ ತಡೆಯುತ್ತಲೂ ಇರುತ್ತವೆ. ಇವು ಇಪ್ಪತ್ತು ಲಕ್ಷ ಮಾತ್ರವಿದ್ದರೂ 4ಕೆ ಎಂಬ ಚಿತ್ರದ 83 ಲಕ್ಷ ಬಿಂದುಗಳು ತೆರೆಯ ಮೇಲೆ ಮೂಡುವುದು ಹೇಗೆಂದರೆ, ಪ್ರತಿಯೊಂದು ಚಿತ್ರವನ್ನೂ ಕೂದಲೆಳೆಯಷ್ಟು ಸರಿಸಿ ಸರಿಸಿ ನಾಲ್ಕು ಸಲ ತೋರಿಸಲಾಗುತ್ತದೆ. ಇದನ್ನು ಮೋಸವೆನ್ನುವವರೂ ಉಂಟು. ಕಣ್ಣಿಗೆ ಸಿಗುವ ಫಲವು ಚೆನ್ನಾಗಿರುವುದರಿಂದ ನಾವು ಹಾಗೆನ್ನಲಾರೆವು.

ಇನ್ನು ಮುಖ್ಯವಾದ ವಿಚಾರಕ್ಕೆ ಬರೋಣ. ಕತ್ತಲೆಯೆಂಬುದು ಒಂದು ದ್ರವ್ಯವೇ ಅಥವಾ ಬೆಳಕಿನ ಅಭಾವ ಮಾತ್ರವೇ ಎಂದು ನಮ್ಮ ಶಾಸ್ತ್ರಕಾರರಲ್ಲಿ ಹಳೆಯದೊಂದು ವಿವಾದವುಂಟು. ಭಾಟ್ಟ ಮೀಮಾಂಸಕರು ಅದನ್ನು ದ್ರವ್ಯವೆಂದರು. ನೈಯಾಯಿಕರು ಒಪ್ಪದೆ, ತೇಜಸ್ಸಿನ ಅಭಾವವೇ ತಮಸ್ಸು ಎಂದರು. ಪ್ರೊಜೆಕ್ಟರಂತೂ ಸಂಪೂರ್ಣವಾಗಿ ನೈಯಾಯಿಕರ ಪಕ್ಷ. ಅದು ಬಿಳುಪನ್ನು ಚೆಲ್ಲಬಲ್ಲುದು, ಕೆಂಪನ್ನು ಚೆಲ್ಲಬಲ್ಲುದು. ಕಪ್ಪನ್ನು ಮಾತ್ರ ಚೆಲ್ಲಲಾರದು. ಚಿತ್ರದಲ್ಲಿ ನಾಯಕಿಯ ಕೂದಲಾಗಲಿ ಅಮಾವಾಸ್ಯೆಯ ಆಕಾಶವಾಗಲಿ ಕಪ್ಪಾಗಿ ಕಾಣಬೇಕಾದರೆ, ಆ ಎಡೆಗಳಲ್ಲಿ ಯಂತ್ರವು ಬೆಳಕನ್ನು ಬಿಡದೆ ಸುಮ್ಮನಿರಬೇಕು. ಅಲ್ಲಿ ಗೋಡೆಯು ಎಷ್ಟು ಕಪ್ಪಾಗಿರುವುದೋ ಚಿತ್ರವೂ ಅಷ್ಟೇ ಕಪ್ಪು. ಹಗಲಿನಲ್ಲಿ ಸುಣ್ಣ ಬಳಿದ ಗೋಡೆಯು ಬೆಳ್ಳಗಿರುವುದಷ್ಟೆ. ಹಾಗಾದರೆ ಅಮಾವಾಸ್ಯೆಯೂ ಬೆಳ್ಳಗೆ.

ಇದನ್ನು ಅಂಕಿಗಳಲ್ಲಿ ನೋಡಿದರೆ ವಿಷಯವು ಸ್ಪಷ್ಟವಾಗುವುದು. ಯಂತ್ರವು ಹೊರಡಿಸುವ ಬೆಳಕನ್ನು ಲುಮೆನ್ನುಗಳಲ್ಲಿಯೂ, ತೆರೆಯಿಂದ ಕಣ್ಣಿಗೆ ಬರುವ ಪ್ರಕಾಶವನ್ನು ನಿಟ್ಟುಗಳಲ್ಲಿಯೂ, ಕೋಣೆಯ ಬೆಳಕು ಗೋಡೆಯ ಮೇಲೆ ಬೀಳುವುದನ್ನು ಲಕ್ಸುಗಳಲ್ಲಿಯೂ ಅಳೆಯುತ್ತಾರೆ. 2,500 ಲುಮೆನ್ನುಗಳ ಯಂತ್ರವು 100 ಅಂಗುಲದ ಬಿಳಿಯ ಗೋಡೆಯ ಮೇಲೆ ಸುಮಾರು 290 ನಿಟ್ಟುಗಳ ಬಿಳುಪನ್ನು ಕೊಡುತ್ತದೆ. ಸಿನಿಮಾ ಮಂದಿರದ ತೆರೆಗೆ ನಿಯಮಿತವಾದ ಪ್ರಕಾಶವು 48 ನಿಟ್ಟು ಮಾತ್ರ. ಇದನ್ನು ಕೇಳಿದ ಗೃಹಸ್ಥನು ಮಂದಿರಕ್ಕಿಂತ ಆರು ಪಟ್ಟು ಮೇಲೆಂದು ಹಿಗ್ಗುವುದು ಸಹಜ. ಆದರೆ ಮಂದಿರದಲ್ಲಿ ಕತ್ತಲೆಯುಂಟು. ಕಿಟಕಿ ತೆರೆದ ಪಡಸಾಲೆಯ ಗೋಡೆಯ ಮೇಲೆ ಹಗಲು 200 ಲಕ್ಸು ಬೆಳಕು ಬೀಳುತ್ತಿದ್ದರೆ, ಚಿತ್ರದ ಕಪ್ಪು ಭಾಗವೇ ಸುಮಾರು 60 ನಿಟ್ಟು ಬೆಳಗುತ್ತಿರುತ್ತದೆ. ಬಿಳುಪು ಕಪ್ಪಿಗಿಂತ ಆರು ಪಟ್ಟು ಸಹ ಹೆಚ್ಚಿಲ್ಲವೆಂದಾಯಿತು. ಚಿತ್ರವು ಹಲವು ಸಲ ಒಗೆದ ಸೀರೆಯ ಅಂಚಿನಂತೆ ತೋರುವುದು. ಅದೇ ಗೋಡೆ, ಅದೇ ಯಂತ್ರ. ರಾತ್ರಿ ಮೂಲೆಯಲ್ಲೊಂದು ಸಣ್ಣ ದೀಪ ಮಾತ್ರವಿದ್ದು 5 ಲಕ್ಸು ಬಿದ್ದರೆ ಬಿಳುಪು ಕಪ್ಪಿನ ನೂರೈವತ್ತು ಪಟ್ಟಿಗೂ ಮೀರುವುದು. ಹೆಚ್ಚು ಬೆಲೆಯ ಯಂತ್ರವನ್ನು ಕೊಳ್ಳುವುದರಿಂದ ಲುಮೆನ್ನು ಒಂದೂವರೆ ಪಟ್ಟಾಗಬಹುದು. ಕಿಟಕಿಗೆ ದಪ್ಪ ಪರದೆಯನ್ನು ಹಾಕುವುದರಿಂದ ಆಗುವ ಲಾಭವು ಅದರ ಹಲವು ಪಟ್ಟು.

ಲುಮೆನ್ನುಗಳ ವಿಷಯದಲ್ಲಿ ಇನ್ನೊಂದು ಮಾತು. ಆನ್ಸಿ ಲುಮೆನ್ ಎಂಬುದು ತೆರೆಯ ಮೇಲೆ ಒಂಬತ್ತು ಕಡೆ ಅಳೆದು ಸರಾಸರಿ ತೆಗೆದ ಲೆಕ್ಕ. ಯಂತ್ರದೊಳಗಣ ದೀಪದ ಬೆಳಕನ್ನೇ ದೊಡ್ಡ ಅಂಕಿಯಲ್ಲಿ ಅಚ್ಚುಹಾಕಿಸುವವರೂ ಉಂಟು. ಅದು ಹಾಲು ಕಾಯಿಸುವ ಮುಂಚಿನ ಅಳತೆಯನ್ನು ಕೋವಾದ ಅಳತೆಯೆಂದು ಹೇಳಿದಂತೆ. ಅಳತೆಯು ಸರಿಯಾಗಿದ್ದರೂ, ಅತ್ಯಂತ ಪ್ರಕಾಶವುಳ್ಳ ಮೋಡಿನಲ್ಲಿ ಮುಖಗಳು ಹಸುರುಗಟ್ಟಿ ಕಾಣುವುದುಂಟು. ಬಣ್ಣ ನೆಟ್ಟಗಿರುವ ಸಿನಿಮಾ ಮೋಡಿನಲ್ಲಿ ಎಷ್ಟು ಬೆಳಕು ಉಳಿಯುವುದೆಂಬುದನ್ನೇ ಕೇಳತಕ್ಕದ್ದು.

ಹಗಲ ಬೆಳಕಿಗೆ ಪ್ರತೀಕಾರವಾಗಿ ವಿಶೇಷವಾದೊಂದು ತೆರೆಯನ್ನು ಮಾರುತ್ತಾರೆ. ಅದರ ಮೈಯಲ್ಲಿ ಗರಗಸದ ಹಲ್ಲುಗಳಂತೆ ಅಡ್ಡಸಾಲಾಗಿ ಸೂಕ್ಷ್ಮವಾದ ಏಣುಗಳಿರುತ್ತವೆ. ಕೆಳಮೊಗವಾದ ಪಾರ್ಶ್ವವು ಯಂತ್ರದ ಬೆಳಕನ್ನು ನೋಡುವವರ ಕಡೆಗೆ ತಿರುಗಿಸುತ್ತದೆ. ಮೇಲ್ಮೊಗವಾದ ಕಪ್ಪು ಪಾರ್ಶ್ವವು ಚಾವಣಿಯ ದೀಪವನ್ನು ನುಂಗಿಬಿಡುತ್ತದೆ. ಬಿಳುಪು 290ರಿಂದ 170 ನಿಟ್ಟುಗಳಿಗೆ ಇಳಿದರೂ ಕಪ್ಪು ಬಹಳ ಹೆಚ್ಚಾಗಿ ಉಳಿಯುವುದರಿಂದ ಇದು ಲಾಭವೇ ಸರಿ. ಆದರೆ ಇದರ ರಕ್ಷಣೆಯು ಮೇಲಿನಿಂದ ಬರುವ ಬೆಳಕಿಗೆ ಮಾತ್ರ. ಎದುರಿನ ಕಿಟಕಿಯಿಂದ ನೇರವಾಗಿ ಬರುವುದನ್ನು ಅದು ಅಷ್ಟಾಗಿ ತಡೆಯದು. ದೂರದಿಂದ ಚಿತ್ರ ಬೀರುವ ಪ್ರೊಜೆಕ್ಟರಿಗಾಗಿ ಮಾಡಿದ ಬೂದುಬಣ್ಣದ ತೆರೆಗಳು ಈ ಯಂತ್ರಕ್ಕೆ ಒಗ್ಗುವುದಿಲ್ಲವೆಂಬುದನ್ನೂ ನೆನಪಿಡಬೇಕು. ತೆರೆಗೇ ಹತ್ತಾರು ಸಾವಿರ ರೂಪಾಯಿ ಬೇಕಾಗುವುದರಿಂದ ಅದನ್ನು ಬೆಲೆಯೊಳಗೆ ಸೇರಿಸಿಯೇ ಲೆಕ್ಕಹಾಕತಕ್ಕದ್ದು.

ನಮ್ಮ ಪರಿಚಿತರಾದ ಗೃಹಸ್ಥರೊಬ್ಬರು ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಈ ಯಂತ್ರಕ್ಕಾಗಿ ತೆಗೆದಿಟ್ಟಿದ್ದರು. ಅವರ ತಾಯಿಯವರಿಗೆ ಎಂಬತ್ತು ದಾಟಿದೆ. ಮೆಟ್ಟಿಲು ಹತ್ತಲಾರರು, ಸಿನಿಮಾ ಮಂದಿರಕ್ಕೆ ಹೋಗಿ ಎಷ್ಟೋ ವರ್ಷಗಳಾದುವು, ದೊಡ್ಡ ತೆರೆಯ ಮೇಲೆ ಪೌರಾಣಿಕ ಚಿತ್ರಗಳನ್ನು ಇನ್ನೊಮ್ಮೆ ನೋಡಬೇಕೆಂದು ಅವರಿಗೆ ಆಸೆ. ಮಗನಾದರೋ ಯಂತ್ರವನ್ನು ಪಡಸಾಲೆಯಲ್ಲಿ, ಬಂದವರಿಗೆ ಕಾಣುವ ಹಾಗೆ, ಇಡಬೇಕೆಂದಿದ್ದರು. “ಮೇಷ್ಟ್ರೇ, ನೀವೊಂದು ಸಲ ಬಂದು ನೋಡಿ” ಎಂದು ಕರೆದುದರಿಂದ ಅಂಗಡಿಗೆ ಜೊತೆಗೆ ಹೋದೆವು.

ಅಂಗಡಿಯಲ್ಲಿ ಕಪ್ಪು ಬಣ್ಣ ಬಳಿದ ಕೋಣೆಯೊಂದರೊಳಗೆ ಕೂರಿಸಿ, ಬಣ್ಣಬಣ್ಣದ ಮೀನುಗಳನ್ನೂ ಹೂಗಳನ್ನೂ ತೋರಿಸಿದರು. ನಿಜಕ್ಕೂ ಸೊಗಸಾಗಿತ್ತು. ದೀಪ ಹಾಕಿಸಿ ನೋಡೋಣವೆಂದೆವು; ಅಂಗಡಿಯ ಹುಡುಗನು ತುಸು ಅನುಮಾನಿಸಿ ಹಾಕಿದನು. ಆ ಬಳಿಕ 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಸ್ಮಶಾನದ ಸನ್ನಿವೇಶವನ್ನು ಹಾಕಿಸಿದೆವು. ವಾಚಕರಿಗೂ ಈ ಪರೀಕ್ಷೆಯನ್ನೇ ಸೂಚಿಸುತ್ತೇವೆ. ಹಳೆಯ ಕಪ್ಪುಬಿಳುಪು ಚಿತ್ರದಲ್ಲಿ ಯಂತ್ರದ ಯಾವ ದೋಷವೂ ಬಣ್ಣದ ಮರೆಯಲ್ಲಿ ಅಡಗಲಾರದು: ಕಪ್ಪು ಬೂದಿಯಾದರೆ ಕಾಣುತ್ತದೆ, ಬಿಳುಪಿಗೆ ನೀಲಿಯ ಛಾಯೆ ಹತ್ತಿದರೆ ಕಾಣುತ್ತದೆ. 1950ರ ದಶಕದ ಚಿತ್ರಗಳು ಹೆಚ್ಚಾಗಿ ನಾಲ್ಕಕ್ಕೆ ಮೂರರ ಪ್ರಮಾಣದವಾದುದರಿಂದ, 100 ಅಂಗುಲದ ತೆರೆಯಲ್ಲಿ ಅವಕ್ಕೆ ದೊರೆಯುವುದು 82 ಅಂಗುಲ ಮಾತ್ರ. ಇಕ್ಕೆಲಗಳಲ್ಲಿ ಉಳಿಯುವ ಪಟ್ಟಿಗಳು ಎಷ್ಟು ಕಪ್ಪಾಗಿವೆಯೆಂಬುದನ್ನು ನೋಡಿದರೆ ಯಂತ್ರದ ಯೋಗ್ಯತೆ ತಿಳಿಯುವುದು.

ಹೆಸರುಗಳ ಪಟ್ಟಿಯು ತೆರೆಯ ಮೇಲೆ ಬರುವಾಗ ಎರಡು ಸಂಗತಿಗಳನ್ನು ಗಮನಿಸಬೇಕು. ಮೇಲಿನ ಮೂಲೆಗಳಲ್ಲಿ ಒತ್ತಕ್ಷರಗಳು ಬಿಡಿಯಾಗಿ ಓದಲು ಬರುವುವೇ? ಓರೆಯಾಗಿ ಹೋಗುವ ಬೆಳಕು ಮೂಲೆಗಳಲ್ಲಿ ಕಲಸಿಕೊಳ್ಳುವುದುಂಟು. ಎರಡನೆಯದಾಗಿ, ಒಂದೇ ಚಿಪ್ಪಿನ ಯಂತ್ರವು ಕೆಂಪು, ಹಸುರು, ನೀಲಿಗಳನ್ನು ಒಂದಾದಮೇಲೊಂದರಂತೆ ಅತಿ ವೇಗದಿಂದ ತೋರಿಸುತ್ತದೆ. ಬಹುಜನರ ಕಣ್ಣಿಗೆ ಇವು ಕೂಡಿಕೊಂಡೇ ಕಾಣುತ್ತವೆ. ಕೆಲವರು ಮಾತ್ರ ದೃಷ್ಟಿ ಹೊರಳಿಸಿದೊಡನೆ ಬಿಳಿಯ ಅಕ್ಷರಗಳ ಅಂಚಿನಲ್ಲಿ ಕಾಮನಬಿಲ್ಲನ್ನು ಕಂಡು ತಲೆನೋವು ಪಡುತ್ತಾರೆ. ಇದು ಕಣ್ಣಿನಿಂದ ಕಣ್ಣಿಗೆ ಬೇರೆಯಾದುದರಿಂದ ಮನೆಯವರೆಲ್ಲರೂ ಅಂಗಡಿಗೆ ಹೋಗತಕ್ಕದ್ದು. ಯಜಮಾನನೊಬ್ಬನೇ ನೋಡಿಬಂದರೆ ಸಾಲದು. ಎಪ್ಸನ್ನಿನವರ ಮೂರು ಎಲ್‌ಸಿಡಿಗಳ ಯಂತ್ರಗಳಲ್ಲಿ ಮೂರು ಬಣ್ಣಗಳೂ ಒಮ್ಮೆಗೇ ಬರುವುದರಿಂದ ಈ ತೊಡಕಿಲ್ಲ. ಮೂರು ಬಣ್ಣಗಳಿಗೂ ಬೇರೆಬೇರೆ ಲೇಸರುಗಳಿರುವ ಯಂತ್ರಗಳಲ್ಲಿ ಬಣ್ಣಗಳು ಬಹು ತುಂಬಾಗಿ ಬರುತ್ತವೆ. ಆದರೆ ಒಂದೇ ಬಣ್ಣದ ಬಯಲಿನಲ್ಲಿ ರವೆ ಚೆಲ್ಲಿದಂತೆ ಮಿನುಗು ಕಾಣಬಹುದು.

ಮಾರನೆಯ ದಿನ ಅವರ ಮನೆಗೆ ಹೋಗಿ, ಹಳೆಯ ದಿನಪತ್ರಿಕೆಗಳನ್ನು 7 ಅಡಿ 3 ಅಂಗುಲಕ್ಕೆ 4 ಅಡಿ 1 ಅಂಗುಲದಂತೆ ಜೋಡಿಸಿ ಪಡಸಾಲೆಯ ಗೋಡೆಗೆ ಅಂಟಿಸಿದೆವು. ಒಂದೂವರೆ ಅಡಿಯ ಮೇಜಿನ ಮೇಲೆ ಯಂತ್ರವನ್ನಿಟ್ಟರೆ, ಯಂತ್ರದ ಎತ್ತರವೂ ಮೇಲಣ ತೆರಪೂ ಸೇರಿ, ಚಿತ್ರದ ಕೆಳಗಣ ಅಂಚು ಸುಮಾರು ಮೂರಡಿಗೆ ಬರುವುದು. ಮೇಲಣ ಅಂಚು ಏಳಡಿಗೆ. ಚಾಪೆಯ ಮೇಲೆ ಕೂತು ನೋಡುವ ಮನೆಗಳಲ್ಲಿ ಕತ್ತು ನೋಯದಿರದು. “ಇದೇನಪ್ಪಾ, ಗೋಪುರ ನೋಡಿದ ಹಾಗೆ ನೋಡಬೇಕಲ್ಲ!” ಎಂದು ತಾಯಿಯವರೇ ಹೇಳಿದರು. ಗೋಡೆಯನ್ನು ಕೈಯಿಂದ ಸವರಿ ನೋಡಿದಾಗ ಗಾರೆಯ ಉಬ್ಬುತಗ್ಗುಗಳು ಸಿಕ್ಕಿದುವು. ಬೆಳಕು ಬುಡದಿಂದ ಕಡಿದಾಗಿ ಏರುವುದರಿಂದ, ಮೇಲ್ಭಾಗದಲ್ಲಿ ಒಂದು ಮಿಲಿಮೀಟರಿನ ಉಬ್ಬು ಚಿತ್ರವನ್ನು ಮೂರು ಮಿಲಿಮೀಟರುಗಳಷ್ಟು ಸರಿಸಬಲ್ಲುದು. 4ಕೆ ಚಿತ್ರದ ಒಂದು ಬಿಂದು ಅರ್ಧ ಮಿಲಿಮೀಟರಿಗಿಂತ ಸ್ವಲ್ಪವೇ ದೊಡ್ಡದು. ಸುರುಳಿ ಬಿಚ್ಚುವ ಸಾಮಾನ್ಯ ತೆರೆಯು ಫ್ಯಾನಿನ ಗಾಳಿಗೆ ಅಲುಗಿದರೂ ಇದೇ ಗತಿ. ಆದಕಾರಣ ಚೌಕಟ್ಟಿಗೆ ಬಿಗಿದ ತೆರೆಯೇ ಸರಿ. ಚಿತ್ರದ ಸೊಟ್ಟನ್ನು ಯಂತ್ರದೊಳಗಣ ಕೀಸ್ಟೋನ್ ಉಪಾಯದಿಂದ ತಿದ್ದಬಹುದಾದರೂ ಅದರಿಂದ ಬಿಂದುಗಳು ನಷ್ಟವಾಗುತ್ತವೆ; ಮೇಜನ್ನೇ ಸರಿಸಿ ತಿದ್ದುವುದು ಮೇಲು.

ಎಲ್ಲಕ್ಕಿಂತ ದೊಡ್ಡ ತೊಡಕು ಹೊತ್ತಿನದು. ತಾಯಿಯವರು ರಾತ್ರಿ ಎಂಟಕ್ಕೆ ಮಲಗುವವರು; ಅವರು ಚಿತ್ರ ನೋಡುವುದು ಊಟವಾದ ಮೇಲೆ, ಮಧ್ಯಾಹ್ನ ಒಂದರಿಂದ ಮೂರು ಗಂಟೆಯವರೆಗೆ. ಆ ಹೊತ್ತಿನಲ್ಲಿ ಪಡಸಾಲೆಯ ಎರಡು ಕಿಟಕಿಗಳೂ ತೆರೆಗೆ ಎದುರಾಗಿ ಬೆಳಕನ್ನು ಸುರಿಯುತ್ತವೆ. ಪಡಸಾಲೆಯೇ ಆಗಬೇಕೆಂದಿದ್ದರೆ 75 ಅಥವಾ 85 ಅಂಗುಲದ ಟಿ.ವಿ.ಯನ್ನು ತರುವುದು ಲೇಸೆಂದೂ, ಹಗಲ ಬೆಳಕಿನಲ್ಲಿ ಯಾವ ಪ್ರೊಜೆಕ್ಟರೂ ಅದಕ್ಕೆ ಸಮನಲ್ಲವೆಂದೂ ನಾವು ಹೇಳಿದೆವು. ಪ್ರೊಜೆಕ್ಟರಿನ ಬೆಳಕು ಗೋಡೆಯಿಂದ ಮರಳಿ ಬರುವುದರಿಂದ ಕಣ್ಣಿಗೆ ತಂಪು ಎಂದು ಅಂಗಡಿಯವರು ಹೇಳಿದ್ದರು. ಬೆಳಕು ಎಲ್ಲಿಂದ ಬಂದರೂ ಬೆಳಕೇ. ಕಣ್ಣಿಗೆ ಹಿತವಾಗುವುದು ಅದರ ಪ್ರಮಾಣದಿಂದ.

ಆಗ ಸೊಸೆಯವರು ನಡುಮನೆಯನ್ನು ತೋರಿಸಿದರು. ಹನ್ನೊಂದಡಿಗೆ ಹದಿಮೂರಡಿಯ ಕೋಣೆ. ಒಂದೇ ಚಿಕ್ಕ ಕಿಟಕಿ. ಹಗಲಿನಲ್ಲಿಯೂ ದೀಪ ಬೇಕಾಗುತ್ತದೆಂದು ಮನೆಯವರು ಅದನ್ನು ದೂರುತ್ತಿದ್ದರು. ಸಾಮಾನ್ಯ ಪ್ರೊಜೆಕ್ಟರಿಗೆ ಅಲ್ಲಿ ದೂರವು ಕಷ್ಟದಿಂದ ಸಾಲುತ್ತಿತ್ತು. ಈ ಯಂತ್ರಕ್ಕೆ ಆ ಚಿಂತೆಯಿಲ್ಲ. ಹತ್ತಡಿಯಾಚೆ ಮಂಚದ ಮೇಲೆ ಕುಳಿತವರಿಗೆ 100 ಅಂಗುಲದ ಚಿತ್ರವು ಸಿನಿಮಾ ಮಂದಿರದ ಮಧ್ಯದ ಸಾಲಿನಲ್ಲಿ ಕೂತಷ್ಟೇ ಅಗಲವಾಗಿ ಕಾಣುವುದು. ಪಡಸಾಲೆಯ ಆಸೆಯನ್ನು ಬಿಡಲು ಮಗನಿಗೆ ಎರಡು ದಿನ ಹಿಡಿಯಿತು. ಅಂಗಡಿಯವರು ಯಂತ್ರವನ್ನು ಮನೆಗೇ ತಂದು ಒಂದು ಮಧ್ಯಾಹ್ನ ತೋರಿಸಿದ ಮೇಲೆ ಒಪ್ಪಿಕೊಂಡರು.

ಉಳಿದುವನ್ನು ಸಂಕ್ಷೇಪವಾಗಿ ಹೇಳಬಹುದು. ಲೇಸರಿನ ಆಯುಸ್ಸನ್ನು 20,000 ಗಂಟೆಗಳೆಂದು ಹೇಳುವುದು ವಾಡಿಕೆ. ಎಂದರೆ ಅಷ್ಟು ಹೊತ್ತಿಗೆ ಪ್ರಕಾಶವು ಅರ್ಧಕ್ಕಿಳಿಯುವುದೆಂದು ಅರ್ಥ. ದಿನಕ್ಕೆ ನಾಲ್ಕು ಗಂಟೆಯಂತೆ ಹದಿಮೂರು ವರ್ಷಗಳ ಮೇಲಾಯಿತು. ಫ್ಯಾನೂ ವಿದ್ಯುತ್ ಭಾಗಗಳೂ ಅದಕ್ಕೆ ಮುಂಚೆಯೇ ಕೆಡಬಹುದಾದುದರಿಂದ, ಊರಿನಲ್ಲಿ ರಿಪೇರಿಯ ವ್ಯವಸ್ಥೆ ಇದೆಯೇ ಎಂಬುದನ್ನು ವಿಚಾರಿಸಬೇಕು. ಯಂತ್ರದ ಪಕ್ಕಗಳಲ್ಲಿ ಬಿಸಿಗಾಳಿ ಹೊರಡಲು ಒಂದು ಗೇಣು ತೆರಪು ಬಿಡಬೇಕು. ಕೂಸುಗಳಿರುವ ಮನೆಯಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಕಿಂಡಿಯ ಮೇಲೆ ಬಗ್ಗಿ ನೋಡಿದರೆ ತೀಕ್ಷ್ಣವಾದ ಬೆಳಕು ಕಣ್ಣಿಗೆ ಹೊಡೆಯುವುದು. ಹತ್ತಿರ ಯಾರಾದರೂ ಬಂದೊಡನೆ ಬೆಳಕನ್ನು ತಗ್ಗಿಸುವ ಸೆನ್ಸರು ಅನೇಕ ಯಂತ್ರಗಳಲ್ಲುಂಟು. ಅದು ಕೆಲಸ ಮಾಡುವುದೇ ಎಂಬುದನ್ನು ಅಂಗಡಿಯಲ್ಲಿಯೇ ಕೈಯೊಡ್ಡಿ ನೋಡತಕ್ಕದ್ದು. ನೆತ್ತಿಯ ಗಾಜಿನ ಮೇಲೆ ಧೂಳೂ ಒಗ್ಗರಣೆಯ ಹೊಗೆಯೂ ಕೂತರೆ ಚಿತ್ರ ಮಂಕಾಗುತ್ತದೆ. ನಾವು ಹೇಳಿದ ಮನೆಯಲ್ಲಿ ದೇವರ ಕೋಣೆಯು ನಡುಮನೆಗೆ ತಗುಲಿದಂತೆಯೇ ಇರುವುದರಿಂದ, ಊದುಬತ್ತಿ ಹಚ್ಚುವ ಹೊತ್ತಿಗೆ ಯಂತ್ರದ ಮೇಲೆ ಒಂದು ಪಂಚೆಯನ್ನು ಹೊದಿಸುತ್ತಾರೆ. ಮಧ್ಯಾಹ್ನ ಅದನ್ನು ತೆಗೆದಿಟ್ಟು, ಮೆತ್ತನೆಯ ಅರಿವೆಯಿಂದ ಗಾಜನ್ನು ಒರಸಿದ ಮೇಲೆಯೇ ಸ್ವಿಚ್ಚು ಹಾಕುವುದು.