ಹವಾನಿಯಂತ್ರಕಕ್ಕೆ ‘ಗ್ಯಾಸ್’ ತುಂಬಿಸುವ ಮುನ್ನ

ಕಲಬುರಗಿ, ರಾಯಚೂರುಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟಿತೆಂದರೆ, ಹವಾನಿಯಂತ್ರಕವನ್ನು ನೋಡಲು ಬಂದ ಕೆಲಸಗಾರನು ಹೇಳುವ ಮಾತು ಬಹುಮಟ್ಟಿಗೆ ಒಂದೇ: “ಗ್ಯಾಸ್ ಮುಗಿದಿದೆ ಸಾರ್, ತುಂಬಿಸಬೇಕು.” ಗೃಹಸ್ಥನು ಮರುಮಾತಿಲ್ಲದೆ ಕೆಲವು ಸಾವಿರ ರೂಪಾಯಿ ಎಣಿಸುತ್ತಾನೆ. ಮರುವರ್ಷವೂ ಅದೇ ಮಾತು, ಅದೇ ಎಣಿಕೆ.

ಅಡುಗೆಯ ಅನಿಲದಂತೆ ಇದು ಉರಿದು ಮುಗಿಯುವಂಥದಲ್ಲ. ಮುಚ್ಚಿದ ಕೊಳವೆಗಳಲ್ಲಿ ಒಮ್ಮೆ ದ್ರವವಾಗಿ, ಒಮ್ಮೆ ಅನಿಲವಾಗಿ ಸುತ್ತುತ್ತ, ಕೋಣೆಯ ಶಾಖವನ್ನು ಹೀರಿ ಹೊರಗೆ ಚೆಲ್ಲುತ್ತದೆ. ಅದು ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆಯೆಂದೇ ಅರ್ಥ. ಸೋರಿಕೆಯನ್ನು ಹುಡುಕಿ ಸರಿಪಡಿಸದೆ ತುಂಬಿಸುವುದು ತೂತುಬಿದ್ದ ಕೊಡಕ್ಕೆ ನೀರು ಹೊಯ್ದಂತೆ. ಸೋರುವ ಜಾಗವನ್ನು ತೋರಿಸೆಂದು ಕೇಳಲು ಸಂಕೋಚವೇಕೆ? ಯಂತ್ರಕ್ಕೆ ಅಂಟಿಸಿದ ಚೀಟಿಯಲ್ಲಿ ಅನಿಲದ ಹೆಸರೂ ತೂಕವೂ ಇರುತ್ತವೆ. ತುಂಬುವಾಗ ಆ ತೂಕವನ್ನೇ ಅನುಸರಿಸಬೇಕು.

ಅನೇಕ ವೇಳೆ ಅನಿಲಕ್ಕೆ ಏನೂ ಆಗಿರುವುದಿಲ್ಲ. ಧೂಳು ಮೆತ್ತಿದ ಜಾಲರಿಯು ಗಾಳಿಯನ್ನು ತಡೆದು, ತಂಪನ್ನು ಕುಗ್ಗಿಸಿ, ವಿದ್ಯುತ್ತಿನ ಬಿಲ್ಲನ್ನು ಹಿಗ್ಗಿಸಿರುತ್ತದೆ. ಬೇಸಿಗೆಯಲ್ಲಿ 15 ದಿನಕ್ಕೊಮ್ಮೆ ಯಂತ್ರವನ್ನು ಆರಿಸಿ, ಜಾಲರಿಯನ್ನು ಕಳಚಿ, ನಲ್ಲಿಯ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದರೆ ಕಾಸಿನ ಖರ್ಚಿಲ್ಲ. ಮಂಗಳೂರಿನಂಥ ಕಡಲೂರುಗಳಲ್ಲಿ ಮಾತ್ರ ಉಪ್ಪುಗಾಳಿಯು ಹೊರಗಿನ ಪೆಟ್ಟಿಗೆಯ ಸುರುಳಿಯನ್ನು ತಿನ್ನುತ್ತದೆ. ಅಲ್ಲಿಯವರು ಬೇಸಿಗೆಗೆ ಮೊದಲೇ ಕೆಲಸಗಾರನನ್ನು ಕರೆಸಿ ಅದನ್ನು ತೊಳೆಸುವುದು ಲೇಸು.